‘ನಾಳೆಯಿಂದ ಬರಬೇಡ’ ಅಂದಮೇಲೆ: ದಾವಣಗೆರೆ, ಚಿತ್ರದುರ್ಗದ ನೌಕರರಿಗೊಂದು ಹಂತ ಹಂತದ ಮಾರ್ಗದರ್ಶಿ

ದೊಡ್ಡ ಕಂಪನಿಗಳಲ್ಲಿ ಕೆಲಸದಿಂದ ತೆಗೆಯುವಾಗ ಕೈಗೊಂದು ಪತ್ರ ಕೊಡುತ್ತಾರೆ. ನಮ್ಮ ಕಡೆಯ ಅಕ್ಕಿ ಗಿರಣಿ, ಚಳ್ಳಕೆರೆಯ ಎಣ್ಣೆ ಮಿಲ್ಲು, ಮಂಡಿಪೇಟೆಯ ಬಟ್ಟೆ ಅಂಗಡಿ, ಖಾಸಗಿ ನರ್ಸಿಂಗ್ ಹೋಮ್‌ಗಳಲ್ಲಿ ಹಾಗಾಗುವುದು ಅಪರೂಪ. ಮೇಸ್ತ್ರಿಯೋ ಸೂಪರ್‌ವೈಸರೋ ‘ನಾಳೆಯಿಂದ ಬರಬೇಡ’ ಅನ್ನುತ್ತಾರೆ, ಅಲ್ಲಿಗೆ ಹತ್ತು ವರ್ಷದ ದುಡಿಮೆ ಮುಗಿಯಿತು. ಮೂರು ತಿಂಗಳ ನಂತರ ಕಾರ್ಮಿಕ ಇಲಾಖೆಯಲ್ಲಿ ಅದೇ ಮಾಲೀಕರ ಉತ್ತರ: ‘ನಾವೆಲ್ಲಿ ತೆಗೆದೆವು ಸಾರ್, ಅವನೇ ಬರುವುದನ್ನು ಬಿಟ್ಟ.’

ನೌಕರರು ಸೋಲುವ ಪ್ರಕರಣಗಳಲ್ಲಿ ಬಹಳಷ್ಟು ಇಲ್ಲೇ ಸೋಲುತ್ತವೆ. ಕಾನೂನು ಅವರ ಪರವಾಗಿಯೇ ಇರುತ್ತದೆ. ತೆಗೆದದ್ದಕ್ಕೆ ಒಂದು ಚೀಟಿಯೂ ಇರುವುದಿಲ್ಲ. ಹಾಗಾಗಿ ಈ ಲೇಖನದಲ್ಲಿ ಮೊದಲ ಹದಿನೈದು ದಿನಗಳಿಗೆ ಹೆಚ್ಚು ಜಾಗ ಕೊಟ್ಟಿದ್ದೇವೆ.

ಈಗ ಯಾವ ಕಾನೂನು?

1947ರ ಕೈಗಾರಿಕಾ ವಿವಾದ ಕಾಯ್ದೆಯ ಜಾಗಕ್ಕೆ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. 2025ರ ನವೆಂಬರ್ 21ರಿಂದ ಅದು ಜಾರಿಯಲ್ಲಿದೆ. ಕಾರ್ಮಿಕ ಸಂಘದ ಹಿರಿಯರು ಇಂದಿಗೂ ‘25ಎಫ್’, ‘2ಎ’ ಎಂದೇ ಮಾತಾಡುತ್ತಾರೆ. ಆ ನಿಯಮಗಳ ಸಾರ ಹೊಸ ಸಂಹಿತೆಯಲ್ಲೂ ಉಳಿದಿದೆ, ಕಲಂ ಸಂಖ್ಯೆ ಬದಲಾಗಿದೆ. ನೋಟಿಸ್, ಪರಿಹಾರ ಕೊಡದೆ ತೆಗೆಯುವಂತಿಲ್ಲ ಎನ್ನುವ ಹಳೆಯ 25ಎಫ್ ಈಗ ಕಲಂ 70. ಒಬ್ಬನೇ ನೌಕರನನ್ನು ತೆಗೆದರೂ ಅದು ಕೈಗಾರಿಕಾ ವಿವಾದ ಎನ್ನುತ್ತಿದ್ದದ್ದು 2ಎ. ಆದರೆ ಮುಖ್ಯವಾದ ಕೆಲವು ಅಂಕಿಗಳು ಬದಲಾಗಿವೆ, ಅವನ್ನು ಅಲ್ಲಲ್ಲಿ ಹೇಳುತ್ತೇವೆ.

ಈ ಸಂಹಿತೆಯ ರಕ್ಷಣೆ ‘ಕಾರ್ಮಿಕ’ ಎನಿಸಿಕೊಂಡವರಿಗೆ. ಕೈಕೆಲಸ, ತಾಂತ್ರಿಕ ಕೆಲಸ, ಗುಮಾಸ್ತಿಕೆ, ಲೆಕ್ಕ ಬರೆಯುವುದು, ಮಾರಾಟ ಎಲ್ಲವೂ ಇದರಲ್ಲಿ ಸೇರುತ್ತವೆ. ಮ್ಯಾನೇಜರ್ ಮಟ್ಟದವರು ಸೇರುವುದಿಲ್ಲ. ಮೇಲ್ವಿಚಾರಣೆ ಕೆಲಸದವರ ವೇತನ ತಿಂಗಳಿಗೆ 18,000 ರೂಪಾಯಿ ದಾಟಿದರೆ ಅವರೂ ಹೊರಗೆ. ಹಳೆಯ ಕಾಯ್ದೆಯಲ್ಲಿ ಈ ಮಿತಿ 10,000 ಇತ್ತು. ಇಲ್ಲೊಂದು ಎಚ್ಚರಿಕೆ. ಹುದ್ದೆಯ ಹೆಸರು ಏನಿದೆ ಎಂಬುದಕ್ಕಿಂತ ದಿನವಿಡೀ ಏನು ಕೆಲಸ ಮಾಡುತ್ತಿದ್ದಿರಿ ಎಂಬುದೇ ಲೆಕ್ಕಕ್ಕೆ ಬರುತ್ತದೆ. ‘ಫ್ಲೋರ್ ಮ್ಯಾನೇಜರ್’ ಎಂದು ಐಡಿ ಕಾರ್ಡ್ ಕೊಟ್ಟು ಸೀರೆ ಮಡಚುವ ಕೆಲಸ ಮಾಡಿಸಿದ್ದರೆ ನೀವು ಕಾರ್ಮಿಕರೇ. ಯಾರಿಗೂ ರಜೆ ಮಂಜೂರು ಮಾಡುವ, ಯಾರನ್ನೂ ನೇಮಿಸುವ ಅಧಿಕಾರ ನಿಮಗಿರಲಿಲ್ಲ ಎಂದು ತೋರಿಸಿದರೆ ಆ ಬಿರುದು ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಮೊದಲ ದಿನ: ಸಹಿ ಹಾಕಬೇಡಿ

ತೆಗೆಯಬೇಕೆಂದು ನಿರ್ಧರಿಸಿದ ಆಡಳಿತ ಮೊದಲು ಕೇಳುವುದು ರಾಜೀನಾಮೆ ಪತ್ರ. ‘ಬರೆದುಕೊಟ್ಟರೆ ಪಿಎಫ್ ಬೇಗ ಬಿಡಿಸಿಕೊಡುತ್ತೇವೆ, ಇಲ್ಲದಿದ್ದರೆ ವರ್ಷಗಟ್ಟಲೆ ಓಡಾಡಬೇಕಾಗುತ್ತದೆ’ ಎಂಬ ಮಾತು ಜೊತೆಗೇ ಬರುತ್ತದೆ. ಪಿಎಫ್ ನಿಮ್ಮ ಯುಎಎನ್ (ನಿಮ್ಮ ಹೆಸರಿನ ಪಿಎಫ್ ಸಂಖ್ಯೆ) ಖಾತೆಯಲ್ಲಿದೆ, ರಾಜೀನಾಮೆ ಕೊಡದಿದ್ದರೆ ಅದು ಎಲ್ಲಿಗೂ ಹೋಗುವುದಿಲ್ಲ. ಆದರೆ ರಾಜೀನಾಮೆಗೆ ಸಹಿ ಬಿದ್ದರೆ ಪರಿಹಾರದ ಹಕ್ಕು ಹೋಗುತ್ತದೆ. ಸ್ವಇಚ್ಛೆಯಿಂದ ಬಿಟ್ಟವರಿಗೆ ಕಲಂ 70 ಅನ್ವಯಿಸುವುದೇ ಇಲ್ಲ.

ಕೆಲಸಕ್ಕೆ ಸೇರುವಾಗಲೇ ಖಾಲಿ ಹಾಳೆ, ಖಾಲಿ ಛಾಪಾ ಕಾಗದಕ್ಕೆ ಸಹಿ ಪಡೆದಿಟ್ಟುಕೊಳ್ಳುವ ಜಾಗಗಳೂ ಉಂಟು. ನಿಮ್ಮ ವಿಷಯದಲ್ಲಿ ಹಾಗಾಗಿದ್ದರೆ, ತೆಗೆದ ನಂತರ ಬರೆಯುವ ಮೊದಲ ಪತ್ರದಲ್ಲೇ ಅದನ್ನು ಹೇಳಿಬಿಡಿ: ‘ಸೇರುವಾಗ ನನ್ನಿಂದ ಖಾಲಿ ಹಾಳೆಗಳಿಗೆ ಸಹಿ ಪಡೆದಿದ್ದೀರಿ, ಅವನ್ನು ರಾಜೀನಾಮೆಯಾಗಿ ಬಳಸಿದರೆ ನನ್ನ ತಕರಾರಿದೆ.’ ಆರು ತಿಂಗಳ ನಂತರ ಮಾಲೀಕರು ರಾಜೀನಾಮೆ ಪತ್ರ ತೋರಿಸಿದಮೇಲೆ ಇದೇ ಮಾತು ಹೇಳಿದರೆ ಯಾರೂ ನಂಬುವುದಿಲ್ಲ.

ಹೆದರಿಸಿ ಆಗಲೇ ಸಹಿ ಹಾಕಿಸಿಕೊಂಡಿದ್ದರೆ? ಅದೇ ದಿನ, ಹೆಚ್ಚೆಂದರೆ ಮರುದಿನ, ‘ಒತ್ತಡದಲ್ಲಿ ಬರೆಸಿಕೊಂಡ ರಾಜೀನಾಮೆಯನ್ನು ಹಿಂಪಡೆಯುತ್ತಿದ್ದೇನೆ’ ಎಂದು ಇಮೇಲ್, ವಾಟ್ಸಾಪ್ ಮತ್ತು ಸ್ಪೀಡ್ ಪೋಸ್ಟ್ ಮೂರರಲ್ಲೂ ಕಳಿಸಿ. ಅಂಗೀಕಾರವಾಗುವ ಮುನ್ನ ರಾಜೀನಾಮೆ ಹಿಂಪಡೆಯಲು ಅವಕಾಶವಿದೆ. ವಾರ ಬಿಟ್ಟು ಕಳಿಸಿದರೆ ‘ಅಂದೇ ಅಂಗೀಕರಿಸಿದೆವು’ ಎಂಬ ಪತ್ರ ಅಷ್ಟರಲ್ಲಿ ತಯಾರಾಗಿರುತ್ತದೆ.

ಹಣದ ಚೆಕ್ ಕೊಟ್ಟು ‘ಪೂರ್ಣ ಮತ್ತು ಅಂತಿಮ’ ಎಂಬ ರಸೀದಿಗೆ ಸಹಿ ಕೇಳುವುದು ಇನ್ನೊಂದು ಬಗೆ. ಹಣ ಬೇಡವೆನ್ನಬೇಕಿಲ್ಲ, ಮನೆ ನಡೆಯಬೇಕಲ್ಲ. ಸಹಿಯ ಮೇಲೆ ನಿಮ್ಮದೇ ಕೈಬರಹದಲ್ಲಿ ‘ತಕರಾರಿನೊಂದಿಗೆ ಸ್ವೀಕರಿಸಿದ್ದೇನೆ, ನನ್ನ ಹಕ್ಕುಗಳನ್ನು ಬಿಟ್ಟುಕೊಟ್ಟಿಲ್ಲ’ ಎಂದು ಬರೆದು, ದಿನಾಂಕ ಹಾಕಿ, ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಳ್ಳಿ. ಹಾಗೆ ಬರೆಯಲು ಬಿಡದಿದ್ದರೆ ಚೆಕ್ ಪಡೆದ ದಿನವೇ ಅದೇ ಮಾತನ್ನು ಪತ್ರದಲ್ಲಿ ಕಳಿಸಿ.

ಎರಡನೇ ದಿನದಿಂದ ಏಳನೇ ದಿನ: ಗೇಟಿಗೆ ಹೋಗಿ, ಪತ್ರ ಬರೆಯಿರಿ

ಬರಬೇಡ ಎಂದ ಮರುದಿನವೂ ಎಂದಿನ ಪಾಳಿಯ ಹೊತ್ತಿಗೆ ಕೆಲಸದ ಜಾಗಕ್ಕೆ ಹೋಗಿ. ಒಬ್ಬರೇ ಹೋಗಬೇಡಿ, ಸಾಕ್ಷಿಯಾಗಿ ನಿಲ್ಲಬಲ್ಲ ಒಬ್ಬರು ಜೊತೆಗಿರಲಿ. ಒಳಗೆ ಬಿಡದಿದ್ದರೆ ಜಗಳವಾಡದೆ, ತಡೆದವರ ಹೆಸರು ಮತ್ತು ಸಮಯ ಬರೆದುಕೊಂಡು ಬನ್ನಿ. ಗೇಟಿನ ಮುಂದೆ ನಿಂತು ಕೂಗಾಡಿದರೆ ಅದರ ವಿಡಿಯೊ ನಾಳೆ ನಿಮ್ಮ ವಿರುದ್ಧವೇ ದುರ್ನಡತೆಯ ಆರೋಪಕ್ಕೆ ಬಳಕೆಯಾಗುತ್ತದೆ. ಸಿಟ್ಟಿನಲ್ಲಿ ಸಾಹುಕಾರರಿಗೆ ಕಳಿಸಿದ ವಾಟ್ಸಾಪ್ ಬೈಗುಳಕ್ಕೂ ಅದೇ ಗತಿ.

ಆಮೇಲೆ ಪತ್ರ. ವಕೀಲರ ನೋಟಿಸೇ ಆಗಬೇಕೆಂದಿಲ್ಲ, ನಿಮ್ಮ ಕೈಬರಹದ ಒಂದು ಪುಟ ಸಾಕು. ಈ ಮಾದರಿ ನೋಡಿ:

‘ನಾನು ನಿಮ್ಮ ಗಿರಣಿಯಲ್ಲಿ ____ ಇಸವಿಯ ____ ತಿಂಗಳಿಂದ ಬಾಯ್ಲರ್ ಸಹಾಯಕನಾಗಿ ಕೆಲಸ ಮಾಡುತ್ತಿದ್ದೇನೆ. ಕೊನೆಯ ಮಾಸಿಕ ವೇತನ ____ ರೂಪಾಯಿ. ದಿನಾಂಕ ____ರಂದು ಸಂಜೆ ಪಾಳಿ ಮುಗಿದಾಗ ಶ್ರೀ ____ ಅವರು ನಾಳೆಯಿಂದ ಕೆಲಸಕ್ಕೆ ಬರಬೇಡವೆಂದು ಬಾಯಿಮಾತಿನಲ್ಲಿ ಹೇಳಿದರು. ಮರುದಿನ ಬೆಳಿಗ್ಗೆ 8 ಗಂಟೆಗೆ ಬಂದಾಗ ಗೇಟಿನಲ್ಲಿ ತಡೆದರು. ನನಗೆ ಯಾವುದೇ ನೋಟಿಸ್, ಆರೋಪ ಪಟ್ಟಿ, ಪರಿಹಾರ ಕೊಟ್ಟಿಲ್ಲ. ನಾನು ಕೆಲಸ ಬಿಟ್ಟಿಲ್ಲ, ಈಗಲೂ ಕೆಲಸಕ್ಕೆ ಸಿದ್ಧನಿದ್ದೇನೆ. ಏಳು ದಿನಗಳೊಳಗೆ ಕೆಲಸಕ್ಕೆ ಸೇರಿಸಿಕೊಳ್ಳಿ, ಇಲ್ಲವೇ ತೆಗೆದ ಕಾರಣವನ್ನು ಬರಹದಲ್ಲಿ ಕೊಡಿ.’

ಇದರಲ್ಲಿ ಅತಿ ಮುಖ್ಯ ವಾಕ್ಯ ‘ಕೆಲಸ ಬಿಟ್ಟಿಲ್ಲ, ಕೆಲಸಕ್ಕೆ ಸಿದ್ಧನಿದ್ದೇನೆ’ ಎಂಬುದು. ಬೇರೇನು ಮರೆತರೂ ಅದನ್ನು ಮರೆಯಬೇಡಿ. ನೌಕರ ತಾನೇ ಬಿಟ್ಟುಹೋದ ಎನ್ನುವ ಮಾಲೀಕರ ವಾದಕ್ಕೆ ಇದೇ ಉತ್ತರ. ‘ಎಂಟು ದಿನ ಗೈರಾದರೆ ಕೆಲಸ ತಾನಾಗಿ ಹೋಗುತ್ತದೆ’ ಎಂಬ ನಿಯಮ ಕಂಪನಿಯ ಸ್ಥಾಯಿ ಆದೇಶದಲ್ಲಿ (ಕೆಲಸದ ಷರತ್ತುಗಳ ಲಿಖಿತ ನಿಯಮಾವಳಿ) ಇದ್ದರೂ, ನೌಕರನ ಮಾತು ಕೇಳದೆ ತೆಗೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1993ರ ಡಿ.ಕೆ. ಯಾದವ್ ಪ್ರಕರಣದಲ್ಲಿ ಹೇಳಿದೆ.

ಪತ್ರವನ್ನು ಸಂಸ್ಥೆಯ ಹೆಸರಿಗೆ ಮತ್ತು ಮಾಲೀಕರ ಹೆಸರಿಗೆ, ಹೀಗೆ ಎರಡು ಪ್ರತಿ ಕಳಿಸಿ. ರಿಜಿಸ್ಟರ್ಡ್ ಅಂಚೆ 2025ರಲ್ಲಿ ಸ್ಪೀಡ್ ಪೋಸ್ಟ್‌ನೊಳಗೆ ವಿಲೀನವಾಗಿದೆ. ಅಂಚೆ ಕಚೇರಿಯಲ್ಲಿ ಸ್ಪೀಡ್ ಪೋಸ್ಟ್ ಮಾಡುವಾಗ ನೋಂದಣಿ ಸೇವೆಯೂ ತಲುಪಿದ್ದರ ದಾಖಲೆಯೂ ಬೇಕೆಂದು ಕೇಳಿ. ರಸೀದಿಯ ಶಾಯಿ ಕೆಲವೇ ತಿಂಗಳಲ್ಲಿ ಮಾಸುತ್ತದೆ, ಅಂದೇ ಜೆರಾಕ್ಸ್ ಮಾಡಿಸಿಡಿ. ಪತ್ರ ‘ತೆಗೆದುಕೊಳ್ಳಲು ನಿರಾಕರಿಸಿದರು’ ಎಂಬ ಷರಾದೊಂದಿಗೆ ವಾಪಸು ಬಂದರೆ ಬೇಸರ ಬೇಡ. ಆ ಲಕೋಟೆಯನ್ನು ಒಡೆಯದೆ ಹಾಗೇ ಇಟ್ಟುಕೊಳ್ಳಿ, ಅದೇ ಒಳ್ಳೆಯ ಸಾಕ್ಷ್ಯ.

ಮಾಲೀಕರ ಕಡೆಯಿಂದ ‘ಬಂದು ಕೆಲಸಕ್ಕೆ ಹಾಜರಾಗಿ’ ಎಂಬ ಪತ್ರ ಬಂದರೆ ಹೋಗಲೇಬೇಕು. ಅದು ಬಲೆ ಎಂದೇ ನಿಮಗೆ ಅನ್ನಿಸಿದರೂ ಹೋಗಿ. ಹೋಗದಿದ್ದರೆ ಹಿಂಬಾಕಿ ವೇತನ ಕೇಳುವ ನೈತಿಕ ಬಲವೂ ಕಾನೂನಿನ ಬಲವೂ ಕುಸಿಯುತ್ತವೆ. ಹೋದಾಗ ಮತ್ತೆ ಗೇಟಿನಲ್ಲಿ ತಡೆದರೆ ಎರಡನೇ ಪತ್ರ ಬರೆಯಿರಿ.

240 ದಿನದ ಲೆಕ್ಕ

ಪರಿಹಾರದ ಹಕ್ಕು ಹುಟ್ಟುವುದು ಒಂದು ವರ್ಷದ ‘ನಿರಂತರ ಸೇವೆ’ಯಿಂದ. ತೆಗೆದ ದಿನದಿಂದ ಹಿಂದಕ್ಕೆ 12 ತಿಂಗಳು ಎಣಿಸಿ. ಅದರಲ್ಲಿ 240 ದಿನ ದುಡಿದಿದ್ದರೆ ಸಾಕು. ನೆಲದೊಳಗಿನ ಗಣಿಗೆ 190 ದಿನ, ಆದರೆ ಚಿತ್ರದುರ್ಗದ ಕಬ್ಬಿಣದ ಅದಿರಿನ ಗಣಿಗಳು ತೆರೆದ ಗಣಿಗಳಾದ್ದರಿಂದ ಅಲ್ಲೂ 240 ದಿನವೇ. ಸಂಬಳ ಸಹಿತ ವಾರದ ರಜೆ, ಹಬ್ಬದ ರಜೆ, ಗಳಿಕೆ ರಜೆ, ಲೇ-ಆಫ್ (ಕೆಲಸವಿಲ್ಲವೆಂದು ತಾತ್ಕಾಲಿಕವಾಗಿ ಕೂರಿಸಿದ) ದಿನಗಳು, ಹೆರಿಗೆ ರಜೆ (26 ವಾರದವರೆಗೆ), ಕೆಲಸದಲ್ಲಿ ಗಾಯವಾಗಿ ಬಿದ್ದಿದ್ದ ದಿನಗಳು ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಭಾನುವಾರಗಳನ್ನು ಬಿಟ್ಟು ಎಣಿಸಿ ‘ನನ್ನದು 215 ದಿನ ಮಾತ್ರ’ ಎಂದು ಕೈಬಿಟ್ಟವರಿದ್ದಾರೆ. ಸಂಬಳ ಸಹಿತ ಭಾನುವಾರ ಸೇರಿಸಿದರೆ ಅವರದು 240 ದಾಟುತ್ತಿತ್ತು.

240 ದಿನ ದುಡಿದಿದ್ದೇನೆಂದು ತೋರಿಸುವ ಹೊಣೆ ಮೊದಲು ನೌಕರನದೇ. ಬರೀ ಪ್ರಮಾಣಪತ್ರ ಹಾಕಿದರೆ ಸಾಲದು. ಹಾಜರಿ ಪುಸ್ತಕ ಮಾಲೀಕರ ಬಳಿ ಇರುವುದರಿಂದ ಅದನ್ನು ತರಿಸಿ ಎಂದು ನ್ಯಾಯಾಲಯದಲ್ಲಿ ಅರ್ಜಿ ಹಾಕಬೇಕು. ಕರ್ನಾಟಕದಿಂದಲೇ ಹೋದ ಆರ್.ಎಂ. ಯಲ್ಲಟ್ಟಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಮಾತನ್ನು ಬಿಡಿಸಿ ಹೇಳಿದೆ. ಆ ಅರ್ಜಿ ಹಾಕುವುದನ್ನು ಮರೆತು ಸೋತ ಪ್ರಕರಣಗಳು ಬೇಕಾದಷ್ಟಿವೆ.

ಹಾಗಾದರೆ ನಿಮ್ಮ ಕೈಯಲ್ಲಿ ಏನಿರಬೇಕು? ಪಿಎಫ್ ಪಾಸ್‌ಬುಕ್ ಮೊದಲನೆಯದು. ತಿಂಗಳು ತಿಂಗಳೂ ಹಣ ಕಟ್ಟಿದ ದಾಖಲೆಯ ಜೊತೆಗೆ ಯಾವ ಸಂಸ್ಥೆಯ ಹೆಸರಲ್ಲಿ ಕಟ್ಟಿದ್ದಾರೆ ಎಂಬುದೂ ಅದರಲ್ಲಿರುತ್ತದೆ. ಅದನ್ನು ಕೂಡಲೇ ಡೌನ್‌ಲೋಡ್ ಮಾಡಿ. ಯುಎಎನ್ ಪೋರ್ಟಲ್‌ನಲ್ಲಿ ಕೆಲಸ ಬಿಟ್ಟ ದಿನಾಂಕ ಮತ್ತು ಕಾರಣವನ್ನು ಮಾಲೀಕರು ತುಂಬಿದ್ದಾರೆಯೇ ನೋಡಿ. ತಪ್ಪು ಕಾರಣ ತುಂಬಿದ್ದರೆ ಅದಕ್ಕೂ ಬರಹದಲ್ಲಿ ಆಕ್ಷೇಪ ಸಲ್ಲಿಸಿ. ಆಮೇಲೆ ಇಎಸ್‌ಐ ಕೊಡುಗೆಯ ವಿವರ, ಸಂಬಳ ಬಂದ ಬ್ಯಾಂಕ್ ಖಾತೆಯ ಪಟ್ಟಿ, ಗೇಟ್ ಪಾಸ್, ಐಡಿ ಕಾರ್ಡ್, ಪಾಳಿಯ ಪಟ್ಟಿ ಹಾಕುತ್ತಿದ್ದ ವಾಟ್ಸಾಪ್ ಗುಂಪು. ತೆಗೆದ ಗಳಿಗೆಯಲ್ಲೇ ಆ ಗುಂಪಿನಿಂದಲೂ ನಿಮ್ಮನ್ನು ತೆಗೆಯುತ್ತಾರೆ. ಹಳೆಯ ಸಂದೇಶಗಳು ಫೋನಿನಲ್ಲೇ ಇರುತ್ತವೆ, ಅಳಿಸಬೇಡಿ, ಫೋನನ್ನೂ ಮಾರಬೇಡಿ.

ನಗದಾಗಿ ಬಟವಾಡೆ ಪಡೆಯುವವರ ಕಷ್ಟ ಬೇರೆ. ಮಂಡಕ್ಕಿ ಭಟ್ಟಿಗಳಲ್ಲಿ, ಸಣ್ಣ ಗಿರಣಿಗಳಲ್ಲಿ ಪಿಎಫೂ ಇರುವುದಿಲ್ಲ, ಚೀಟಿಯೂ ಇರುವುದಿಲ್ಲ. ಅಲ್ಲಿ ಸಹೋದ್ಯೋಗಿಗಳ ಸಾಕ್ಷ್ಯ, ಲಾರಿ ಲೋಡಿನ ಚೀಟಿಯಲ್ಲಿರುವ ನಿಮ್ಮ ಸಹಿ, ಮುಂಗಡ ಬರೆದುಕೊಡುತ್ತಿದ್ದ ಪುಟ್ಟ ಪುಸ್ತಕ, ಫೋನ್‌ಪೇಯಲ್ಲಿ ಬಂದ ಹಣ ಇವೇ ಆಧಾರ. ಕೆಲಸದಲ್ಲಿರುವಾಗಲೇ ಇವನ್ನು ಕೂಡಿಡುವುದು ಜಾಣತನ.

ಗುತ್ತಿಗೆ ಹೆಸರಲ್ಲಿ ದುಡಿದವರು

ಯಂತ್ರ ಅದೇ, ಶೆಡ್ ಅದೇ, ಕೆಲಸ ಹೇಳುವವರೂ ಅವರೇ. ವರ್ಷಕ್ಕೊಮ್ಮೆ ಕಾಂಟ್ರಾಕ್ಟರ್ ಹೆಸರು ಮಾತ್ರ ಬದಲು. ಇಂಥ ಕಡೆ ದೂರು ಕೊಡುವಾಗ ಕಾಂಟ್ರಾಕ್ಟರ್ ಮತ್ತು ಮೂಲ ಸಂಸ್ಥೆ ಇಬ್ಬರನ್ನೂ ಎದುರುಗಾರರನ್ನಾಗಿ ಮಾಡಿ. ಒಬ್ಬರನ್ನೇ ಮಾಡಿದರೆ ಅವರು ಇನ್ನೊಬ್ಬರತ್ತ ಬೆರಳು ತೋರಿಸಿ ಜಾರಿಕೊಳ್ಳುತ್ತಾರೆ. ಗುತ್ತಿಗೆ ಬರೀ ತೋರಿಕೆಯದು ಎನ್ನಲು ರಜೆ ಯಾರು ಕೊಡುತ್ತಿದ್ದರು, ಕೆಲಸ ಯಾರು ಹಂಚುತ್ತಿದ್ದರು ಎಂಬ ವಿವರ ಬೇಕು.

ನಿಗದಿತ ಅವಧಿಗೆಂದು ಬರಹದಲ್ಲಿ ನೇಮಕವಾಗಿ, ಅವಧಿ ಮುಗಿದು ಹೊರಬಿದ್ದವರಿಗೆ ಇದು ಕಡಿತ (ಆರೋಪವಿಲ್ಲದೆ ಕೆಲಸದಿಂದ ತೆಗೆಯುವುದು) ಎನಿಸುವುದಿಲ್ಲ. ಆದರೆ ಒಂದು ವರ್ಷ ದುಡಿದಿದ್ದರೆ ಅವರಿಗೂ ಈಗ ಗ್ರಾಚ್ಯುಟಿ ಉಂಟು.

ಯಾಕೆ ತೆಗೆದರು: ತಪ್ಪಿಗೋ, ಹೆಚ್ಚುವರಿ ಎಂದೋ?

ಇದರ ಮೇಲೆ ಮುಂದಿನ ದಾರಿ ನಿಂತಿದೆ. ಕಳ್ಳತನ, ಹೊಡೆದಾಟ, ಗೈರುಹಾಜರಿ ಎಂದು ಆರೋಪ ಹೊರಿಸಿದರೆ ಆರೋಪ ಪಟ್ಟಿ ಕೊಡಬೇಕು, ಉತ್ತರಿಸಲು ಸಮಯ ಕೊಡಬೇಕು, ವಿಚಾರಣೆ ನಡೆಸಿ ಅವರ ಸಾಕ್ಷಿಗಳನ್ನು ಪಾಟೀಸವಾಲು ಮಾಡಲು ಬಿಡಬೇಕು, ವರದಿಯ ಪ್ರತಿ ಕೊಡಬೇಕು. ವಿಚಾರಣೆ ಕನ್ನಡದಲ್ಲೇ ನಡೆಯಲಿ ಎಂದು ಬರೆದು ಕೇಳಿ. ಇಂಗ್ಲಿಷ್‌ನಲ್ಲಿ ಬರೆದ ಹೇಳಿಕೆಗೆ ಅರ್ಥವಾಗದೆ ಸಹಿ ಹಾಕಬೇಡಿ. ನೆರವಿಗೆ ಒಬ್ಬ ಸಹೋದ್ಯೋಗಿ ಬೇಕೆಂದೂ ಕೇಳಿ. ಎಲ್ಲಕ್ಕಿಂತ ದೊಡ್ಡ ತಪ್ಪು ‘ಹೇಗಿದ್ದರೂ ತೆಗೆಯುತ್ತಾರೆ’ ಎಂದು ವಿಚಾರಣೆಗೇ ಹೋಗದಿರುವುದು. ಆಗ ಏಕಪಕ್ಷೀಯವಾಗಿ ಮುಗಿಸುತ್ತಾರೆ, ಆ ವರದಿಯನ್ನು ಅಲುಗಾಡಿಸುವುದು ಮುಂದೆ ಕಷ್ಟ. ಅಮಾನತಿನಲ್ಲಿಟ್ಟಿದ್ದರೆ ಮೊದಲ 90 ದಿನ ವೇತನದ ಅರ್ಧ, ನಂತರ 75 ಶೇಕಡಾ ಜೀವನಾಧಾರ ಭತ್ಯೆ. ಸಂಹಿತೆಯಲ್ಲಿ ಈ ನಿಯಮ ಇರುವುದು ಸ್ಥಾಯಿ ಆದೇಶಗಳ ಅಧ್ಯಾಯದಲ್ಲಿ, ಅದು ಅನ್ವಯಿಸುವುದು 300 ಕಾರ್ಮಿಕರಿರುವ ಸಂಸ್ಥೆಗಳಿಗೆ.

ಆರೋಪವಿಲ್ಲದೆ ತೆಗೆದರೆ ಅದು ಕಾನೂನಿನ ಕಣ್ಣಲ್ಲಿ ರಿಟ್ರೆಂಚ್‌ಮೆಂಟ್, ಅಂದರೆ ಕಡಿತ. ‘ಆರ್ಡರ್ ಇಲ್ಲ’, ‘ಹೊಸ ಮಶಿನ್ ಬಂತು’, ‘ಮಗನಿಗೆ ಆಡಳಿತ ಬಿಟ್ಟೆ, ಅವನಿಗೆ ಬೇಡವಂತೆ’, ಕಾರಣ ಏನೇ ಇರಲಿ, ಶಿಕ್ಷೆಯಾಗಿ ತೆಗೆದದ್ದಲ್ಲವಾದರೆ ಕಲಂ 70ರ ಷರತ್ತು ಪೂರೈಸಬೇಕು: ಒಂದು ತಿಂಗಳ ಲಿಖಿತ ನೋಟಿಸ್ ಅಥವಾ ಒಂದು ತಿಂಗಳ ವೇತನ, ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ವೇತನದಂತೆ ಪರಿಹಾರ, ಸರ್ಕಾರಕ್ಕೆ ಮಾಹಿತಿ. ಪರಿಹಾರವನ್ನು ತೆಗೆಯುವ ಹೊತ್ತಿಗೇ ಕೊಡಬೇಕು, ‘ಆಮೇಲೆ ಬಂದು ತಗೊಂಡು ಹೋಗು’ ನಡೆಯುವುದಿಲ್ಲ. ಕೊಡದೆ ತೆಗೆದರೆ ಆ ಕ್ರಮವೇ ಅಸಿಂಧು.

ಒಂದೇ ಬಗೆಯ ಕೆಲಸದವರಲ್ಲಿ ಕೊನೆಗೆ ಸೇರಿದವರು ಮೊದಲು ಹೋಗಬೇಕು. ನಿಮಗಿಂತ ಕಿರಿಯರನ್ನು ಉಳಿಸಿಕೊಂಡು ನಿಮ್ಮನ್ನು ತೆಗೆದಿದ್ದರೆ ಅವರ ಹೆಸರು ಮತ್ತು ಸೇರಿದ ವರ್ಷವನ್ನು ದೂರಿನಲ್ಲೇ ಬರೆಯಿರಿ. ತೆಗೆದ ಒಂದು ವರ್ಷದೊಳಗೆ ಮತ್ತೆ ಜನ ತೆಗೆದುಕೊಳ್ಳುವುದಾದರೆ ಮೊದಲ ಅವಕಾಶ ನಿಮಗೆ. ಹಾಗಾಗಿ ಹೊರಬಂದ ಮೇಲೂ ಒಳಗಿನವರ ಜೊತೆ ಮಾತುಕತೆ ಇಟ್ಟುಕೊಳ್ಳಿ.

300 ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆ, ಗಣಿ, ಪ್ಲಾಂಟೇಶನ್‌ಗಳಲ್ಲಿ ಕಡಿತಕ್ಕೆ ಸರ್ಕಾರದ ಪೂರ್ವಾನುಮತಿ ಮತ್ತು ಮೂರು ತಿಂಗಳ ನೋಟಿಸ್ ಬೇಕು. ಹಳೆಯ ಕಾಯ್ದೆಯಲ್ಲಿ ಈ ಸಂಖ್ಯೆ 100 ಇತ್ತು. ನಮ್ಮ ಜಿಲ್ಲೆಗಳ ಬಹುಪಾಲು ಗಿರಣಿಗಳು ಈ ಬದಲಾವಣೆಗೆ ಮುಂಚೆಯೂ ಹೊರಗಿದ್ದವು, ಈಗ ಮಧ್ಯಮ ಗಾತ್ರದವೂ ಹೊರಗುಳಿದವು. ಕಾರ್ಮಿಕರಿಗೆ ಇದರಿಂದ ನಷ್ಟವೇ ಆಗಿದೆ.

ಹೆರಿಗೆ ರಜೆಯಲ್ಲಿದ್ದಾಗ, ಇಎಸ್‌ಐ ಅನಾರೋಗ್ಯ ಭತ್ಯೆ ಪಡೆಯುತ್ತಿದ್ದಾಗ ತೆಗೆಯುವಂತಿಲ್ಲ.

ಎಷ್ಟು ಬರಬೇಕು: ಒಂದು ಲೆಕ್ಕ

ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ ತಿಂಗಳಿಗೆ 15,600 ರೂಪಾಯಿ, ಸೇವೆ 8 ವರ್ಷ 7 ತಿಂಗಳು ಎಂದುಕೊಳ್ಳಿ. ಆರು ತಿಂಗಳು ಮೀರಿದ ಭಾಗ ಒಂದು ಪೂರ್ಣ ವರ್ಷವಾಗಿ ಎಣಿಕೆಯಾಗುವುದರಿಂದ 9 ವರ್ಷ.

ನೋಟಿಸ್ ವೇತನ 15,600. ಕಡಿತದ ಪರಿಹಾರಕ್ಕೆ 15 ದಿನವೆಂದರೆ ಅರ್ಧ ತಿಂಗಳು, ಅಂದರೆ 7,800. ಒಂಬತ್ತು ವರ್ಷಕ್ಕೆ 70,200. ಗ್ರಾಚ್ಯುಟಿಯ ಲೆಕ್ಕ ಬೇರೆ, ಅಲ್ಲಿ ತಿಂಗಳಿಗೆ 26 ದಿನ: 15,600ನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ 9,000, ಒಂಬತ್ತು ವರ್ಷಕ್ಕೆ 81,000. ಎರಡಕ್ಕೂ 26 ಹಿಡಿದು ಲೆಕ್ಕ ಹಾಕುವುದು ಸಾಮಾನ್ಯ ತಪ್ಪು; ಕಡಿತದ ಪರಿಹಾರಕ್ಕೆ ಅದು ಸಲ್ಲದೆಂದು ಸುಪ್ರೀಂ ಕೋರ್ಟ್ ತೀರ್ಪಿದೆ. ಇವು ಮೂರೂ ಸೇರಿ 1,66,800. ಇದರ ಮೇಲೆ ಮಾಲೀಕರು ಮರುಕೌಶಲ ನಿಧಿಗೆ (ಕೆಲಸ ಕಳೆದುಕೊಂಡವರು ಹೊಸ ಕೆಲಸ ಕಲಿಯಲೆಂದು ಇರುವ ನಿಧಿ) 15 ದಿನದ ಕೊನೆಯ ವೇತನ ಕಟ್ಟಬೇಕು, ಅದು ಕಡಿತವಾದ 45 ದಿನದೊಳಗೆ ನಿಮ್ಮ ಖಾತೆಗೆ ಬರಬೇಕು. ಹೊಸ ಸಂಹಿತೆಯಲ್ಲಿ ಬಂದ ಈ ಹಣವನ್ನು ಕೇಳುವವರು ಇನ್ನೂ ಕಡಿಮೆ.

ಬಾಕಿ ಸಂಬಳ ಮಾತ್ರ ತೆಗೆದ ಎರಡು ಕೆಲಸದ ದಿನಗಳೊಳಗೆ ಕೈಸೇರಬೇಕು. ವೇತನ ಸಂಹಿತೆ ಹಾಗೆ ಹೇಳುತ್ತದೆ. ಗ್ರಾಚ್ಯುಟಿಗೆ 30 ದಿನ, ತಡವಾದರೆ ಬಡ್ಡಿ. ಗ್ರಾಚ್ಯುಟಿಗೆ ಐದು ವರ್ಷದ ಸೇವೆ (ನಿಗದಿತ ಅವಧಿಯವರಿಗೆ ಒಂದು ವರ್ಷ) ಮತ್ತು ಹತ್ತು ಜನ ನೌಕರರಿರುವ ಸಂಸ್ಥೆ ಬೇಕು. ಬಳಸದ ಗಳಿಕೆ ರಜೆ, ಆ ವರ್ಷದ ಬೋನಸ್ ಕೂಡ ಪಟ್ಟಿಗೆ ಸೇರಿಸಿ. ಈ ಲೆಕ್ಕದ ಹಾಳೆ ಜೇಬಿನಲ್ಲಿಲ್ಲದೆ ರಾಜಿ ಮಾತಿಗೆ ಕೂರಬೇಡಿ.

ಯಾವ ಬಾಗಿಲು ತಟ್ಟಬೇಕು

ಕೆಲಸದ ಜಾಗ ಯಾವ ಜಿಲ್ಲೆಯಲ್ಲಿದೆಯೋ ಆ ಜಿಲ್ಲೆಯ ಕಾರ್ಮಿಕ ಅಧಿಕಾರಿಯ ಕಚೇರಿ. ಮನೆ ಎಲ್ಲಿದೆ ಎಂಬುದು ಮುಖ್ಯವಲ್ಲ. ಹರಿಹರದವರಿಗೆ ಇದು ಗೊತ್ತಿರಬೇಕು. ತುಂಗಭದ್ರಾ ಸೇತುವೆ ದಾಟಿದರೆ ಸಿಗುವ ಕುಮಾರಪಟ್ಟಣಂ ರಾಣೆಬೆನ್ನೂರು ತಾಲ್ಲೂಕು, ಹಾವೇರಿ ಜಿಲ್ಲೆ. ಅಲ್ಲಿ ದುಡಿಯುವವರು ಹರಿಹರದಲ್ಲಿ ಮನೆ ಮಾಡಿದ್ದರೂ ದೂರು ಹಾವೇರಿಗೆ; ಮುಂದೆ ಹೈಕೋರ್ಟಿಗೆ ಹೋದರೆ ಧಾರವಾಡ ಪೀಠ. ನದಿಯ ಈಚೆ ದಡದ ಕಾರ್ಖಾನೆಯದಾದರೆ ದಾವಣಗೆರೆ, ಹೈಕೋರ್ಟು ಬೆಂಗಳೂರಿನದು. ಹರಪನಹಳ್ಳಿಯೂ ಈಗ ದಾವಣಗೆರೆ ಜಿಲ್ಲೆಯಲ್ಲಿಲ್ಲ, ವಿಜಯನಗರಕ್ಕೆ ಸೇರಿದೆ.

ಗಣಿ, ಬ್ಯಾಂಕು, ರೈಲ್ವೆ, ವಿಮೆ ಕಂಪನಿ ಕೇಂದ್ರದ ವ್ಯಾಪ್ತಿಗೆ ಬರುತ್ತವೆ. ಚಿತ್ರದುರ್ಗ, ಹೊಳಲ್ಕೆರೆ ಕಡೆಯ ಗಣಿ ಕಾರ್ಮಿಕರು ರಾಜ್ಯದ ಕಚೇರಿಯಲ್ಲಿ ಅರ್ಜಿ ಕೊಟ್ಟು ತಿಂಗಳುಗಟ್ಟಲೆ ಕಾದರೆ ‘ಇದು ನಮ್ಮದಲ್ಲ’ ಎಂಬ ಉತ್ತರ ಬರುತ್ತದೆ. ಅವರು ಕೇಂದ್ರ ಕಾರ್ಮಿಕ ಇಲಾಖೆಯ ಸಹಾಯಕ ಆಯುಕ್ತರಿಗೆ ಬರೆಯಬೇಕು. ‘ಸಮಾಧಾನ್’ ಪೋರ್ಟಲ್‌ನಲ್ಲೂ ದೂರು ದಾಖಲಿಸಬಹುದು.

ಅಂಗಡಿ, ಹೋಟೆಲ್, ಖಾಸಗಿ ಕಚೇರಿಯವರಿಗೆ ಇನ್ನೊಂದು ದಾರಿಯೂ ಇದೆ. 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಕಲಂ 39ರ ಪ್ರಕಾರ ಆರು ತಿಂಗಳ ಸೇವೆ ಮುಗಿಸಿದವರನ್ನು ಸಕಾರಣವಿಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲಿಗೆ ವೇತನ ಕೊಡದೆ ತೆಗೆಯುವಂತಿಲ್ಲ, ತೆಗೆದರೆ ಮೇಲ್ಮನವಿ ಇದೆ. 240 ದಿನ ತುಂಬದ ಚೌಕಿಪೇಟೆಯ ಸೇಲ್ಸ್‌ಮನ್‌ಗೂ, ಸಂತೇಪೇಟೆಯ ಮೆಡಿಕಲ್ ಶಾಪ್ ಹುಡುಗಿಗೂ ಇದು ಉಪಯೋಗ. ಇದಕ್ಕೆ ಕಾಲಮಿತಿ ಚಿಕ್ಕದು, ತಡಮಾಡುವಂತಿಲ್ಲ. ಎರಡು ಕಡೆ ಒಟ್ಟಿಗೆ ಹೋಗಬೇಡಿ, ಒಂದನ್ನು ಆರಿಸಿಕೊಳ್ಳಿ.

ಖಾಸಗಿ ಶಾಲೆ, ಕಾಲೇಜಿನ ಶಿಕ್ಷಕರು ‘ಕಾರ್ಮಿಕ’ರಲ್ಲ ಎಂದು ಸುಪ್ರೀಂ ಕೋರ್ಟ್ 1988ರಲ್ಲೇ ಹೇಳಿದೆ. ಇಷ್ಟೊಂದು ವಿದ್ಯಾಸಂಸ್ಥೆಗಳಿರುವ ದಾವಣಗೆರೆಯಲ್ಲಿ ಈ ವಿಷಯ ತಿಳಿಯದೆ ಕಾರ್ಮಿಕ ಇಲಾಖೆಗೆ ಅಲೆದು ಕಾಲ ಕಳೆದುಕೊಳ್ಳುವವರಿದ್ದಾರೆ. ಶಾಲಾ ಶಿಕ್ಷಕರಿಗೆ 1983ರ ಕರ್ನಾಟಕ ಶಿಕ್ಷಣ ಕಾಯ್ದೆಯ ಕಲಂ 94ರಡಿ ಶಿಕ್ಷಣ ಮೇಲ್ಮನವಿ ನ್ಯಾಯಮಂಡಳಿಗೆ ಹೋಗುವ ಹಕ್ಕಿದೆ. ಆದೇಶ ಕೈಸೇರಿದ ಮೂರು ತಿಂಗಳೊಳಗೆ ಹೋಗಬೇಕು. ಈ ನ್ಯಾಯಮಂಡಳಿಯ ಕೆಲಸ ಮಾಡುವವರು ಜಿಲ್ಲಾ ನ್ಯಾಯಾಧೀಶರು. ಶಾಲೆಯ ಆಯಾ, ಚಾಲಕ, ಗುಮಾಸ್ತರೂ ಈ ದಾರಿ ಹಿಡಿಯಬಹುದು.

ಸಂಧಾನದ ಮೇಜು

ಕಾರ್ಮಿಕ ಅಧಿಕಾರಿಗೆ ಕೊಡುವ ಅರ್ಜಿ ಎರಡು ಪುಟ ಮೀರಬೇಕಿಲ್ಲ: ಸೇರಿದ ದಿನ, ಕೆಲಸ, ಕೊನೆಯ ವೇತನ, ತೆಗೆದ ದಿನ ಮತ್ತು ರೀತಿ, ಕಳಿಸಿದ ಪತ್ರಗಳು, ಕೇಳುವುದೇನು. ಕೇಳುವಾಗ ‘ನ್ಯಾಯ ಕೊಡಿಸಿ’ ಎಂದಷ್ಟೇ ಬರೆಯಬೇಡಿ. ‘ಸೇವಾ ನಿರಂತರತೆ ಮತ್ತು ಪೂರ್ಣ ಹಿಂಬಾಕಿ ವೇತನದೊಂದಿಗೆ ಮರುನೇಮಕ’ ಎಂದು ಬರೆಯಿರಿ. ಸ್ವೀಕೃತಿ ಮೊಹರು ಹಾಕಿದ ಪ್ರತಿ ಪಡೆಯದೆ ಕಚೇರಿಯಿಂದ ಹೊರಗೆ ಬರಬೇಡಿ.

ವಿವಾದ ಹುಟ್ಟಿ ಎರಡು ವರ್ಷ ದಾಟಿದರೆ ಸಂಧಾನ ನಡೆಸುವಂತಿಲ್ಲ ಎಂದು ಹೊಸ ಸಂಹಿತೆ ಹೇಳುತ್ತದೆ. ಹಳೆಯ ಕಾಯ್ದೆಯಲ್ಲಿ ಮೂರು ವರ್ಷವಿತ್ತು. ಎರಡು ವರ್ಷವಿದೆಯಲ್ಲ ಎಂದು ಕೂರಬೇಡಿ, ಒಂದು ತಿಂಗಳೊಳಗೇ ಕೊಟ್ಟುಬಿಡಿ. ಸಂಧಾನಾಧಿಕಾರಿ 45 ದಿನದಲ್ಲಿ ಮುಗಿಸಬೇಕು. ಮಾಲೀಕರು ದಿನಾಂಕ ದಿನಾಂಕಕ್ಕೂ ಗೈರಾಗುವುದು ಮಾಮೂಲು. ನೀವು ಮಾತ್ರ ಒಂದನ್ನೂ ತಪ್ಪಿಸಬೇಡಿ, ಪ್ರತಿ ಬಾರಿ ಹಾಜರಾತಿ ದಾಖಲಾಯಿತೇ ನೋಡಿ. ಈ ಹಂತದಲ್ಲಿ ವಕೀಲರು ವಾದಿಸುವಂತಿಲ್ಲ, ಮಾಲೀಕರ ಪರವಾಗಿ ಬಂದರೆ ಆಕ್ಷೇಪಿಸಿ. ಕಾರ್ಮಿಕ ಸಂಘದ ಪದಾಧಿಕಾರಿ ನಿಮ್ಮ ಪರ ಮಾತಾಡಬಹುದು.

ಮಾಲೀಕರು ಒಂದು ಮೊತ್ತಕ್ಕೆ ಒಪ್ಪಿದರೆ? ಕಾನೂನಿನ ಪ್ರಕಾರ ಬರಬೇಕಾದ ಮೊತ್ತವನ್ನೇ ದೊಡ್ಡ ಮನಸ್ಸಿನ ಕೊಡುಗೆ ಎಂಬಂತೆ ಮುಂದಿಡುತ್ತಾರೆ. ಮೇಲಿನ ಉದಾಹರಣೆಯವರಿಗೆ ಒಂದೂವರೆ ಲಕ್ಷ ಕೊಡುತ್ತೇವೆಂದರೆ ಅದು ಅವರ ಹಕ್ಕಿನ ಹಣಕ್ಕಿಂತಲೂ ಕಡಿಮೆ. ಅದರ ಮೇಲೆ ಎಷ್ಟು ಎಂಬುದೇ ನಿಜವಾದ ರಾಜಿ. ಆದರೂ 50ರ ಆಸುಪಾಸಿನಲ್ಲಿರುವವರು, ಗಿರಣಿಯೇ ಮುಚ್ಚುವ ಸೂಚನೆ ಕಂಡವರು ಒಳ್ಳೆಯ ಮೊತ್ತ ಬಂದರೆ ಒಪ್ಪುವುದು ಮೇಲು. ಮೊಕದ್ದಮೆ ವರ್ಷಗಳ ಕೆಲಸ. ಒಪ್ಪಂದವನ್ನು ಅಧಿಕಾರಿಯ ಎದುರೇ ಬರೆದು ಸಹಿ ಮಾಡಿ, ಚೆಕ್ಕಿನ ಸಂಖ್ಯೆ ಸಹಿತ. ಹೋಟೆಲಿನಲ್ಲಿ ಕೂತು ಬರೆದ ಒಪ್ಪಂದಕ್ಕೆ ಆ ಬಲವಿಲ್ಲ.

ನ್ಯಾಯಮಂಡಳಿಗೆ

ಸಂಧಾನ ವಿಫಲವಾದರೆ ಆ ವರದಿ ಬಂದ 90 ದಿನದೊಳಗೆ ಕೈಗಾರಿಕಾ ನ್ಯಾಯಮಂಡಳಿಗೆ ನೇರವಾಗಿ ಅರ್ಜಿ. ಹೊಸ ನ್ಯಾಯಮಂಡಳಿಗಳು ರಚನೆಯಾಗುವವರೆಗೆ ಈಗಿರುವ ಕಾರ್ಮಿಕ ನ್ಯಾಯಾಲಯ, ನ್ಯಾಯಮಂಡಳಿಗಳೇ ಪ್ರಕರಣ ನಡೆಸುತ್ತವೆ. ವರದಿಯ ಪ್ರತಿ ಪಡೆಯುವಾಗ ನಿಮ್ಮ ಪ್ರಕರಣ ಯಾವ ನ್ಯಾಯಾಲಯಕ್ಕೆ ಎಂದು ಕಾರ್ಮಿಕ ಅಧಿಕಾರಿಯನ್ನೇ ಕೇಳಿ.

ವಕೀಲರ ಶುಲ್ಕದ ಚಿಂತೆಗೆ: ಕೈಗಾರಿಕಾ ಕಾರ್ಮಿಕರು, ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ವರಮಾನ ನೋಡದೆ ಉಚಿತ ವಕೀಲರು ಸಿಗುತ್ತಾರೆ. ದಾವಣಗೆರೆಯಲ್ಲೂ ಚಿತ್ರದುರ್ಗದಲ್ಲೂ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿ ಇದೆ. 15100ಕ್ಕೆ ಕರೆ ಮಾಡಿದರೂ ಆಯಿತು.

ಕ್ಲೇಮ್ ಅರ್ಜಿಯಲ್ಲಿ ಒಂದು ವಾಕ್ಯ ಇರಲೇಬೇಕು: ತೆಗೆದ ನಂತರ ನನಗೆ ಬೇರೆ ಲಾಭದಾಯಕ ಉದ್ಯೋಗವಿಲ್ಲ. 2013ರ ದೀಪಾಲಿ ಸುರ್ವಸೆ ಪ್ರಕರಣದ ಪ್ರಕಾರ ನೌಕರ ಇಷ್ಟು ಹೇಳಿದರೆ, ಬೇರೆ ಕೆಲಸವಿತ್ತೆಂದು ತೋರಿಸುವ ಭಾರ ಮಾಲೀಕರ ಮೇಲೆ ಬೀಳುತ್ತದೆ. ಹೊಟ್ಟೆಪಾಡಿಗೆ ಕೂಲಿಗೆ ಹೋಗಿದ್ದರೆ ಮುಚ್ಚಿಡಬೇಡಿ, ಎಷ್ಟು ದಿನ, ಎಷ್ಟು ಕೂಲಿ ಎಂದು ಹೇಳಿ. ಮುಚ್ಚಿಟ್ಟದ್ದು ಪಾಟೀಸವಾಲಿನಲ್ಲಿ ಹೊರಬಿದ್ದರೆ ಉಳಿದ ನಿಜವನ್ನೂ ನಂಬುವುದಿಲ್ಲ.

ಗೆದ್ದರೂ ಮರುನೇಮಕವೇ ಸಿಗುತ್ತದೆ ಎನ್ನಲಾಗದು. ದಿನಗೂಲಿಯವರಿಗೆ ನ್ಯಾಯಾಲಯಗಳು ಈಚೆಗೆ ಒಂದು ಗಂಟಿನ ಪರಿಹಾರ ಕೊಟ್ಟು ಮುಗಿಸುವುದೇ ಹೆಚ್ಚು. ಮರುನೇಮಕದ ತೀರ್ಪು ಬಂದು ಮಾಲೀಕರು ಹೈಕೋರ್ಟಿಗೆ ಹೋದರೆ, ಅಲ್ಲಿ ಪ್ರಕರಣ ಮುಗಿಯುವ ತನಕ ತಿಂಗಳು ತಿಂಗಳೂ ಕೊನೆಯ ವೇತನ ಪಡೆಯುವ ಹಕ್ಕು ನಿಮ್ಮದು. ಕೆಲಸವಿಲ್ಲವೆಂಬ ಪ್ರಮಾಣಪತ್ರ ಹಾಕಿ ಕೇಳಬೇಕು, ಕೇಳದಿದ್ದರೆ ಯಾರೂ ತಾವಾಗಿ ಕೊಡುವುದಿಲ್ಲ. ಮೇಲ್ಮನವಿಯೂ ಇಲ್ಲ, ಹಣವೂ ಬಂದಿಲ್ಲವೆಂದರೆ ಬಾಕಿಯಾದ ಒಂದು ವರ್ಷದೊಳಗೆ ಸರ್ಕಾರಕ್ಕೆ ವಸೂಲಿ ಅರ್ಜಿ ಕೊಡಿ. ವಸೂಲಿ ಪ್ರಮಾಣಪತ್ರ ಜಿಲ್ಲಾಧಿಕಾರಿಗೆ ಹೋಗುತ್ತದೆ, ಭೂಕಂದಾಯದ ಬಾಕಿಯಂತೆ ಮಾಲೀಕರ ಆಸ್ತಿಯಿಂದ ವಸೂಲಿಯಾಗುತ್ತದೆ. ಆ ಅರ್ಜಿಯ ಜೊತೆ ಗಿರಣಿಯ ಸರ್ವೆ ನಂಬರ್, ಪಹಣಿ ಅಥವಾ ಇ-ಖಾತೆಯ ಪ್ರತಿ ನೀವೇ ಲಗತ್ತಿಸಿದರೆ ತಹಶೀಲ್ದಾರ್ ಕಚೇರಿಯಲ್ಲಿ ಕಡತ ಬೇಗ ಸಾಗುತ್ತದೆ.